ಕೆಮ್ಮಣ್ಣು, ಎರೆ, ಪರದೆ: ರಾಯದುರ್ಗ–ಮಡಕಶಿರಾ ನೆಲದ ಅಮೂರ್ತ ಭೂದೃಶ್ಯ

ಆಯೋಜಕರು ನನಗೆ ಕೊಟ್ಟ ವಿಷಯ ‘ಸ್ಟುಡಿಯೋ ಬದುಕು’. ಅದು ತುಂಬ ಅಗಲವಾದ ವಿಷಯ, ಹಾಗಾಗಿ ಒಂದೇ ಪ್ರಶ್ನೆಗೆ ಇಳಿಸಿಕೊಳ್ತೀನಿ. ಒಂದು ಸೀಮೆಯ ನೆಲದ ಬಣ್ಣವನ್ನ ಪರದೆಯ ಮೇಲೆ ತರೋಕೆ ಆಗತ್ತಾ? ಆಗಲ್ಲ ಅಂದ್ರೆ, ಪರದೆಯ ಮೇಲೆ ಮಾಡಿದ ಅಮೂರ್ತ ಚಿತ್ರಕ್ಕೆ ‘ಭೂದೃಶ್ಯ’ ಅನ್ನೋ ಹೆಸರು ಹೇಗೆ ಸಲ್ಲುತ್ತೆ?

ಮೊದಲು ಸೀಮೆಯ ಬಗ್ಗೆ ಎರಡು ಮಾತು. ರಾಯದುರ್ಗ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರಿನ ಜೊತೆ ಆ ಕಡೆ ಸೇರಿ, ಅನಂತಪುರ ಜಿಲ್ಲೆಯ ತಾಲೂಕಾಯಿತು. ಮಡಕಶಿರಾ ಅದೇ ಜಿಲ್ಲೆಯ ದಕ್ಷಿಣದ ತುದಿ, ಮೂರು ಕಡೆ ಕರ್ನಾಟಕದ ನೆರೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಎರಡೂ ಕಡೆ ಮನೆಮಾತಾಗಿ ಕನ್ನಡ ಇದೆ, ಆದರೆ ಒಂದೇ ಕನ್ನಡ ಅಲ್ಲ. ರಾಯದುರ್ಗದ ಕಡೆ ಶೇಂಗಾ ಅಂದದ್ದು ಮಡಕಶಿರಾದ ಕಡೆ ಕಡ್ಲೆಕಾಯಿ. ಆ ಬೆಳೆ ನಿಂತಿರೋ ಮಣ್ಣೂ ಬೇರೆ. ಮಡಕಶಿರಾದ ಸುತ್ತ ಕೆಮ್ಮಣ್ಣು, ನಡುನಡುವೆ ಕಣಶಿಲೆಯ ಗುಡ್ಡ. ರಾಯದುರ್ಗದ ಕೋಟೆ ಬೆಟ್ಟವೂ ಅಂಥದ್ದೇ ಬಂಡೆ. ಆದರೆ ಅಲ್ಲಿಂದ ಕಣೇಕಲ್, ಬೊಮ್ಮನಹಾಳ್ ಕಡೆ ಇಳಿದರೆ ಹಗರಿ ಹೊಳೆಯ ಬಯಲು, ಎರೆ ನೆಲ, ಅದರ ಮೇಲೆ ಗಾಳಿ ತಂದು ಸುರಿದ ಮರಳು. ದರ್ಗಾ ಹೊನ್ನೂರಿನ ಹತ್ತಿರ ನಿಂತರೆ ರಾಜಸ್ಥಾನದ ಫೋಟೋ ನೋಡ್ತಿದೀವೇನೋ ಅನ್ನಿಸೋ ಮರಳು ದಿಬ್ಬಗಳಿವೆ. ವರ್ಷದ ಸರಾಸರಿ ಮಳೆ ಜಿಲ್ಲೆಗೆ 550 ಮಿಲಿಮೀಟರ್ ಆಸುಪಾಸು, ಅದೂ ಬಂದರೆ.

ಕಲಾಶಾಲೆಯಲ್ಲಿ ನಾವು ಕಲಿತ ಭೂದೃಶ್ಯ ಬಹುಪಾಲು ನೀರಿರೋ ಜಾಗದ್ದು. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನೇ ನೋಡಿ. ಅಲ್ಲಿ ಮಂಜು ಅರ್ಧ ಚಿತ್ರ ಬರೆದುಕೊಡುತ್ತೆ. ದೂರ ಹೋದಷ್ಟೂ ಬೆಟ್ಟ ನೀಲಿಯಾಗುತ್ತೆ ಅನ್ನೋ ಪಾಠ ಅಂಥ ಜಾಗದಲ್ಲಿ ಸಲೀಸು. ನಮ್ಮ ಕಡೆ ಬೇಸಿಗೆಯಲ್ಲಿ ದೂರ ಅನ್ನೋದು ಧೂಳಿಂದ ಬೆಳ್ಳಗಾಗುತ್ತೆ. ಹತ್ತಿರದ ಬಂಡೆಗೆ ಮಧ್ಯಾಹ್ನ ನೆರಳೇ ಇರಲ್ಲ. ನೆಲ ಒಂದು ಪಟ್ಟೆ, ಆಕಾಶ ಒಂದು ಪಟ್ಟೆ, ನಡುವೆ ಒಂದು ಗೆರೆ. ಅಮೂರ್ತಕ್ಕೆ ಬರೋಕೆ ಇಲ್ಲಿ ವಾದ, ಪ್ರಣಾಳಿಕೆ ಏನೂ ಬೇಕಿಲ್ಲ. ರಾಮ್ ಕುಮಾರ್ ಅವರು 1960ರಲ್ಲಿ ವಾರಾಣಸಿಗೆ ಹೋದ ಮೇಲೆ ಅವರ ಚಿತ್ರದಿಂದ ಮನುಷ್ಯರು ಹೊರಟುಹೋದರು ಅಂತ ಓದ್ತೀವಲ್ಲ, ಅದು ಜನ ತುಂಬಿ ತುಳುಕೋ ಊರು. ಅಲ್ಲಿ ಬಿಡೋದು ಒಂದು ನಿರ್ಧಾರ. ನಮ್ಮ ಬಯಲಲ್ಲಿ ಬಿಡೋಕೇ ಏನೂ ಉಳಿದಿರಲ್ಲ. ಹಾಗಾಗಿ ಯಾವುದನ್ನ ಬಿಡಬಾರದು ಅನ್ನೋದೇ ನನ್ನ ಕೆಲಸ. ನನ್ನ ಮಟ್ಟಿಗೆ ಅದು ಮಣ್ಣಿನ ಬಣ್ಣ.

ಈಗ ಪರದೆಗೆ ಬರೋಣ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನ ಕೂಡಿಸಿ ಬಣ್ಣ ಮಾಡುತ್ತೆ. ಮಣ್ಣು ಬೆಳಕನ್ನ ನುಂಗಿ, ಉಳಿದದ್ದನ್ನ ವಾಪಸ್ ಕೊಡುತ್ತೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು: ಹೆಮಟೈಟ್ ಜಾಸ್ತಿ ಇದ್ದರೆ ಕೆಂಪು, ಗೋಥೈಟ್ ಜಾಸ್ತಿ ಇದ್ದರೆ ಹಳದಿ ಕಡೆ. ಅದು ಕಂದುಗೆಂಪು. ಇಲ್ಲೇ ತೊಡಕು ಇರೋದು, ಯಾಕಂದ್ರೆ ಕಂದು ಬಣ್ಣದ ಬೆಳಕು ಅಂತ ಒಂದು ಇಲ್ಲವೇ ಇಲ್ಲ. ಕಿತ್ತಳೆಯನ್ನ ಮಂಕು ಮಾಡಿ, ಪಕ್ಕದಲ್ಲಿ ಅದಕ್ಕಿಂತ ಪ್ರಕಾಶದ್ದೇನಾದರೂ ಇಟ್ಟರೆ ಮಾತ್ರ ಕಣ್ಣು ಅದನ್ನ ಕಂದು ಅಂತ ಓದುತ್ತೆ. ಕತ್ತಲೆ ಕೋಣೆಯಲ್ಲಿ ಇಡೀ ಪರದೆ ತುಂಬ ಅದೇ ಬಣ್ಣ ಹಾಕಿ ನೋಡಿ, ಮಂದವಾದ ಕಿತ್ತಳೆ ಕಾಣುತ್ತೆ. ಅಂದರೆ ಪರದೆಯ ಮೇಲೆ ಕೆಮ್ಮಣ್ಣು ಬರಬೇಕಾದರೆ ಅದರ ಪಕ್ಕದ ಆಕಾಶವನ್ನ ಮೊದಲು ಸರಿಮಾಡಿಕೊಳ್ಳಬೇಕು. ಕುಂಚದ ಕೆಲಸದಲ್ಲಿ ನಾನು ನೆಲದಿಂದ ಶುರು ಮಾಡ್ತೀನಿ; ಟ್ಯಾಬ್ಲೆಟ್ ಮೇಲೆ ಬಿಳಿಚಿದ ಆಕಾಶದಿಂದ.

ಮೊದಲ ಮಳೆ ಬಿದ್ದಾಗ ಇನ್ನೊಂದು ಆಗುತ್ತೆ. ಒಣ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತೆ, ಬೆಳಕು ಚದುರಿ ಬೇಗ ಹೊರಬರುತ್ತೆ. ನೀರು ಆ ಸಂದು ತುಂಬಿದಾಗ ಚದುರುವಿಕೆ ಕಮ್ಮಿಯಾಗಿ ಬೆಳಕು ಒಳಗೆ ಇಳಿದು ಅಲ್ಲೇ ನುಂಗಿಹೋಗುತ್ತೆ. ಹಾಗಾಗಿ ಹಸಿ ಮಣ್ಣು ಗಾಢ. ಇದನ್ನ ಪರದೆಯಲ್ಲಿ ಬರೀ ಕಪ್ಪು ಬೆರೆಸಿ ಮಾಡೋಕೆ ಹೋದರೆ ಹೊಗೆ ಹಿಡಿದಂಗೆ ಕಾಣುತ್ತೆ. ಕೆಂಪನ್ನೂ ಒಂಚೂರು ಏರಿಸಬೇಕು. ನಮ್ಮ ಸೀಮೆಯವರು ಆ ಬಣ್ಣಕ್ಕೆ ವರ್ಷಗಟ್ಟಲೆ ಕಾಯ್ತಾರೆ. ಅದನ್ನ ಅಂದಾಜಿನ ಮೇಲೆ ಹಾಕೋಕೆ ನನಗೆ ಮನಸ್ಸು ಬರಲ್ಲ.

ಅದಕ್ಕೇ ಸ್ಟುಡಿಯೋದಲ್ಲಿ ಕಂಪ್ಯೂಟರ್ ಪಕ್ಕ ಮಣ್ಣಿನ ಡಬ್ಬಿಗಳಿವೆ. ಮಣ್ಣನ್ನ ಜರಡಿ ಹಿಡಿದು, ನೀರಲ್ಲಿ ಕಲಕಿ, ಮರಳು ತಳ ಸೇರಿದ ಕೂಡಲೇ ಮೇಲಿನ ಕದಡಿದ ನೀರನ್ನ ಬೇರೆ ಪಾತ್ರೆಗೆ ಬಗ್ಗಿಸ್ತೀನಿ. ಅದರಲ್ಲಿ ಕೂತ ನುಣುಪು ಕೆಸರನ್ನ ಒಣಗಿಸಿ, ಗೋಂದಿನಲ್ಲಿ ಅರೆದು ಕಾಗದದ ತುಂಡಿಗೆ ಬಳಿದು ಇಟ್ಟುಕೊಳ್ತೀನಿ. ಡಿಜಿಟಲ್ ಚಿತ್ರದ ಅಚ್ಚು ಬಂದಾಗ ಆ ತುಂಡನ್ನ ಅಚ್ಚಿನ ಪಕ್ಕ ಇಟ್ಟು, ಕಿಟಕಿ ಬೆಳಕಲ್ಲಿ ಹೋಲಿಸ್ತೀನಿ. ಪರದೆ ಪಕ್ಕ ಇಟ್ಟು ಹೋಲಿಸೋದು ದಂಡ: ಒಂದು ತಾನೇ ಉರಿಯೋ ವಸ್ತು, ಇನ್ನೊಂದು ಬೇರೆಯವರ ಬೆಳಕಲ್ಲಿ ಬದುಕೋದು. ಅಳತೆ ವಿಚಾರದಲ್ಲೂ ಒಂದು ಮಾತು. ನಾಲ್ಕು ಅಡಿ ಅಗಲದ ಅಚ್ಚಿಗೆ ಇಂಚಿಗೆ 300 ಚುಕ್ಕಿ ಅಂದ್ರೆ 14,400 ಪಿಕ್ಸೆಲ್ ಆಗುತ್ತೆ, ನನ್ನ ಯಂತ್ರ ಕೂತುಬಿಡುತ್ತೆ. ದೂರ ನಿಂತು ನೋಡೋ ಚಿತ್ರಕ್ಕೆ 150 ಸಾಕು, 7,200.

ನೀಲಿ ವಿಚಾರ ಹೇಳದೇ ಮುಂದೆ ಹೋಗಲ್ಲ. ಮಡಕಶಿರಾದಿಂದ ಹಿಂದೂಪುರದ ಮೇಲೆ ಹೋದರೆ ಲೇಪಾಕ್ಷಿ. 16ನೇ ಶತಮಾನದ ವಿಜಯನಗರ ಕಾಲದ ವೀರಭದ್ರ ದೇವಾಲಯದ ಮಾಳಿಗೆ ಚಿತ್ರಗಳಲ್ಲಿ ಕಾವಿ, ಹಳದಿ, ಕಪ್ಪು, ಬಿಳಿ, ಒಂದಿಷ್ಟು ಹಸಿರು. ನೀಲಿ ಇಲ್ಲವೇ ಇಲ್ಲ ಅನ್ನಬಹುದು. ಕೊರತೆ ಅಂತ ಯಾರಿಗೂ ಅನ್ನಿಸಲ್ಲ, ಯಾಕಂದ್ರೆ ಕಪ್ಪು ಗೆರೆ ಅಷ್ಟು ಬಿಗಿಯಾಗಿದೆ. ನಾನು ಸಾಫ್ಟ್‌ವೇರ್‌ನಲ್ಲಿ ಅದೇ ಐದು ಬಣ್ಣದ ಪ್ಯಾಲೆಟ್ ಕಟ್ಟಿಕೊಂಡಿದೀನಿ. ಕೊಳ್ಳೋಕೆ ಬಂದವರು ‘ಸ್ವಲ್ಪ ನೀಲಿ ಇದ್ದಿದ್ರೆ ಹಾಲ್‌ಗೆ ಚೆನ್ನಾಗಿರೋದು’ ಅಂತಾರೆ. ಅವರ ಹಾಲ್‌ಗೆ ಇರಬಹುದು. ರಾಯದುರ್ಗದಲ್ಲಿ ನೀಲಿ ಇಲ್ಲ ಅಂತಲ್ಲ. ಅದು ಇರೋದು ಜೀನ್ಸ್ ಹೊಲಿಯೋ ಮನೆಗಳಲ್ಲಿ. ಮಳೆ ಕೈಕೊಟ್ಟ ಮೇಲೆ ಹೊಲದಿಂದ ಮಷಿನ್‌ಗೆ ಬಂದವರ ನೀಲಿ ಅದು. ಈಚಿನ ಕೆಲವು ಕ್ಯಾನ್ವಾಸ್‌ಗಳಲ್ಲಿ ಜೀನ್ಸ್ ಚಿಂದಿಯನ್ನೇ ಅಂಟಿಸಿದೀನಿ, ಆದರೆ ಆಕಾಶದ ಜಾಗದಲ್ಲಲ್ಲ, ನೆಲದ ಪಟ್ಟೆಯಲ್ಲಿ.

ಚಾಟ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಾರೆ: ಇಷ್ಟೆಲ್ಲ ಮಣ್ಣು ಕೈಯಲ್ಲಿದ್ದ ಮೇಲೆ ಡಿಜಿಟಲ್ ಯಾಕೆ ಸರ್? ನ್ಯಾಯವಾದ ಪ್ರಶ್ನೆ. ಉತ್ತರ ಹಗರಿ ದಂಡೆಯಲ್ಲಿದೆ. ಮುಂಗಾರು ಗಾಳಿ ಬೀಸೋ ತಿಂಗಳಲ್ಲಿ ಮರಳಿನ ಅಂಚು ಎರೆ ಹೊಲದ ಕಡೆ ಸರಿಯುತ್ತೆ. ಆ ಅಂಚೇ ನನ್ನ ಚಿತ್ರದ ಗೆರೆ. ಕ್ಯಾನ್ವಾಸ್ ಮೇಲೆ ಒಂದು ದಿನದ ಗೆರೆ ಬರೆಯಬಹುದು. ಫೈಲ್‌ನಲ್ಲಿ ಹೋದ ಪ್ರತಿ ಸಲಕ್ಕೂ ಒಂದು ಲೇಯರ್ ಇಟ್ಟು, ಹಳೆಯದನ್ನ ತೆಳುವಾಗಿಸಿ, ಎಲ್ಲ ಗೆರೆಗಳನ್ನೂ ಒಟ್ಟಿಗೆ ಕಾಣಿಸಬಹುದು. ಡೇವಿಡ್ ಹಾಕ್ನಿ 2011ರಲ್ಲಿ ಯಾರ್ಕ್‌ಶೈರಿನ ವಸಂತವನ್ನ ಐಪ್ಯಾಡ್ ಮೇಲೆ ದಿನದಿನವೂ ಬರೆದರಲ್ಲ, ಅವು 51 ಬೇರೆ ಬೇರೆ ಹಾಳೆಗಳಾಗಿ ಗೋಡೆಗೆ ಬಂದವು. ಅಲ್ಲಿ ಏನೋ ಚಿಗುರೋದನ್ನ ನೋಡೋದು. ಇಲ್ಲಿ ಹೊಲ ಸವೆಯೋದನ್ನ ಒಂದೇ ಹಾಳೆಯಲ್ಲಿ ನೋಡಬೇಕು. ಅದಕ್ಕೆ ಒಂದು ಕಟ್ಟುಪಾಡು ಹಾಕಿಕೊಂಡಿದೀನಿ: ಲೇಯರ್ ಅಳಿಸೋ ಹಾಗಿಲ್ಲ. ಅನ್‌ಡೂ ಇರೋ ಕಡೆ ಕೈ ಸಡಿಲವಾಗುತ್ತೆ, ಗೆರೆಗೆ ಭಾರ ಇರಲ್ಲ. ಮರಳು ಮುಚ್ಚಿದ ಹೊಲದವನಿಗೆ ಅನ್‌ಡೂ ಇಲ್ಲ, ಚಿತ್ರಕ್ಕೂ ಬೇಡ.

ಇನ್ನೊಂದು ಪ್ರಶ್ನೆ, ಇದು ಕಲಬುರಗಿಯಿಂದ: ಎರೆ ಮಣ್ಣಿನ ಬಣ್ಣ ಒಣಗಿದ ಮೇಲೆ ಬಿರಿದು ಉದುರುತ್ತೆ, ಏನು ಮಾಡ್ಬೇಕು? ಎರೆಯ ಜೇಡಿ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಹೊಲ ಬಾಯಿ ಬಿಡೋದೂ ಅದಕ್ಕೇ. ಗೋಂದು ಜಾಸ್ತಿ ಮಾಡಿ, ಒಂದೇ ಸಲ ದಪ್ಪ ಬಳಿಯದೆ ತೆಳುವಾಗಿ ಮೂರು ನಾಲ್ಕು ಸಲ ಹಾಕಿ, ಪ್ರತಿ ಸಲ ಪೂರ್ತಿ ಒಣಗೋಕೆ ಬಿಡಿ. ಸ್ವಲ್ಪ ಸಣ್ಣ ಮರಳು ಬೆರೆಸಿದರೂ ಹಿಡಿದುಕೊಳ್ಳುತ್ತೆ. ಕಾಗದಕ್ಕಿಂತ ಹಲಗೆ ವಾಸಿ. ಅಷ್ಟಾದರೂ ಅಲ್ಲಲ್ಲಿ ಬಿರಿದರೆ, ನಾನಂತೂ ಹಾಗೇ ಬಿಡ್ತೀನಿ.