ಬಸುರಿಯ ಉಸಿರಿಗೆ ಬೇರೆಯೇ ಲೆಕ್ಕ

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ 40 ಎಂದು ವರದಿ ಬಂದರೆ ವೈದ್ಯರು ಅದನ್ನು ಸಹಜವೆಂದು ಓದಿ ಮುಂದಿನ ಸಾಲಿಗೆ ಹೋಗುತ್ತಾರೆ. ಆದರೆ ಆ ವರದಿ ಕೋವಿಡ್ ನ್ಯುಮೋನಿಯಾ ಹಿಡಿದ ಎಂಟು ತಿಂಗಳ ಬಸುರಿಯದಾಗಿದ್ದರೆ, ಅದೇ 40 ಗಾಬರಿ ಹುಟ್ಟಿಸಬೇಕು. ಗರ್ಭ ನಿಂತಾಗಿನಿಂದ ಪ್ರೊಜೆಸ್ಟೆರಾನ್ ಹಾರ್ಮೋನು ಹೆಣ್ಣಿನ ಉಸಿರನ್ನು ಆಳವಾಗಿಸುತ್ತದೆ. ಹಾಗಾಗಿ ಅವಳ ಸಹಜ ಮಟ್ಟ 30ರ ಆಸುಪಾಸು. ಅದು 40ಕ್ಕೆ ಏರಿದೆ ಎಂದರೆ ಉಸಿರೆಳೆಯುವ ಸ್ನಾಯುಗಳು ದಣಿದು ಕೈಚೆಲ್ಲುತ್ತಿವೆ ಎಂದರ್ಥ.

ಬಸುರಿಯರಿಗೆ ಕೊರೊನಾ ಯಾಕೆ ಜೋರಾಯಿತು ಎಂದು ಕೇಳಿದರೆ, ‘ರೋಗನಿರೋಧಕ ಶಕ್ತಿ ಕಡಿಮೆ ಇರುತ್ತಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ಸತ್ಯವೂ ಅಲ್ಲ. ಅರ್ಧ ತಂದೆಯ ಗುಣ ಹೊತ್ತ ಭ್ರೂಣವನ್ನು ತಾಯಿಯ ದೇಹ ಪರಕೀಯವೆಂದು ಹೊರದಬ್ಬುವುದಿಲ್ಲವೇಕೆ ಎಂದು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್ 1953ರಲ್ಲಿ ಕೇಳಿದ್ದರು. ತಾಯಿಯ ರಕ್ಷಣಾ ವ್ಯವಸ್ಥೆ ಮಂಕಾಗಿರಬಹುದು ಎಂಬುದು ಅವರು ಮುಂದಿಟ್ಟ ಮೂರು ಊಹೆಗಳಲ್ಲಿ ಒಂದು. ಜನರ ಬಾಯಲ್ಲಿ ಉಳಿದದ್ದು ಅದೊಂದೇ. ಆ ವ್ಯವಸ್ಥೆ ಮಲಗುವುದಿಲ್ಲ, ತಿಂಗಳಿಂದ ತಿಂಗಳಿಗೆ ವರಸೆ ಬದಲಿಸುತ್ತದೆ ಎಂದು ಈಗ ಗೊತ್ತಾಗಿದೆ. ಗರ್ಭ ಕಚ್ಚಿಕೊಳ್ಳುವಾಗ ಉರಿಯೂತದ ಕಡೆಗೆ ವಾಲುತ್ತದೆ, ನಡುವಿನ ತಿಂಗಳುಗಳಲ್ಲಿ ತಣ್ಣಗಾಗುತ್ತದೆ, ಹೆರಿಗೆ ಹತ್ತಿರ ಬಂದಂತೆ ಮತ್ತೆ ಕೆರಳುತ್ತದೆ.

ದೊಡ್ಡ ತೊಡಕು ಇರುವುದು ಎದೆಗೂಡಿನಲ್ಲಿ. ಬೆಳೆಯುವ ಗರ್ಭಕೋಶ ವಪೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಶೇ 20ರಷ್ಟು ಇಳಿಯುತ್ತದೆ. ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಗಂಟಿನಲ್ಲಿರುವ ದುಡ್ಡು ಕಡಿಮೆ, ದಿನದ ಖರ್ಚು ಜಾಸ್ತಿ. ವೈರಸ್ಸು ಗಾಳಿಗೂಡುಗಳಲ್ಲಿ ನೀರು ತುಂಬಿಸತೊಡಗಿದರೆ ಆಮ್ಲಜನಕ ಸರ್ರನೆ ಕುಸಿಯುತ್ತದೆ. ಉಳಿದ ರೋಗಿಗಳಲ್ಲಿ ರಕ್ತದ ಆಮ್ಲಜನಕ ಮಟ್ಟ ಶೇ 92–93 ಇದ್ದರೂ ಸಹಿಸಬಹುದಾದಲ್ಲಿ, ಬಸುರಿಯಲ್ಲಿ 95ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ. ಮನೆಯಲ್ಲಿ ಇದು ಗೊತ್ತಾಗುವುದೂ ಕಷ್ಟ. ತುಂಬಿದ ಬಸುರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇದ್ದದ್ದೇ ಎಂದು ಅತ್ತೆಯೂ ಹೇಳುತ್ತಾರೆ, ತಾಯಿಯೂ ಹೇಳುತ್ತಾರೆ.

ರಕ್ತದ್ದೂ ಇದೇ ಕಥೆ. ಹೆರಿಗೆಯ ರಕ್ತಸ್ರಾವ ತಡೆಯಲು ಬಸುರಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಕೋವಿಡ್ಡಿಗೂ ಅದೇ ಚಾಳಿ. ಕೋವಿಡ್ ವಾರ್ಡುಗಳಲ್ಲಿ ಹೆಪ್ಪಿನ ಸುಳಿವಿಗಾಗಿ ಎಲ್ಲರೂ ನೆಚ್ಚಿಕೊಂಡಿದ್ದ ಡಿ-ಡೈಮರ್ ಪರೀಕ್ಷೆ ಆರೋಗ್ಯವಂತ ಬಸುರಿಯಲ್ಲೂ ಏರಿಯೇ ಇರುತ್ತದಾದ್ದರಿಂದ ಅದರಿಂದ ಹೆಚ್ಚು ತಿಳಿಯುವುದಿಲ್ಲ. 18 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಇಂಟರ್‌ಕೋವಿಡ್ ಅಧ್ಯಯನದಲ್ಲಿ, ಸೋಂಕು ತಗುಲಿದ ಬಸುರಿಯರಿಗೆ ಬಿಪಿ ಏರಿ ಕಾಡುವ ಪ್ರಿ-ಎಕ್ಲಾಂಪ್ಸಿಯಾದ ಅಪಾಯ ಸುಮಾರು ಒಂದೂ ಮುಕ್ಕಾಲು ಪಟ್ಟು ಕಂಡಿತು. ಮಗುವಿಗೆ ಗರ್ಭದಲ್ಲೇ ಸೋಂಕು ದಾಟುವುದು ಅಪರೂಪ. ಆದರೆ ಕೆಲವರಲ್ಲಿ, ಡೆಲ್ಟಾ ರೂಪಾಂತರಿಯ ಕಾಲದಲ್ಲಿ ವಿಶೇಷವಾಗಿ, ವೈರಸ್ಸು ಮಾಸನ್ನೇ ಹಾಳುಗೆಡವಿತು. ಅಲ್ಲಿ ಮಗುವಿಗೆ ಸೋಂಕು ತಗುಲದೆಯೂ ಜೀವ ಹೋದದ್ದುಂಟು.

ಡೆಲ್ಟಾ ನಮ್ಮಲ್ಲಿ ಮಾಡಿದ್ದೇನು ಎಂಬುದು ಐಸಿಎಂಆರ್‌ನ ಪ್ರೆಗ್‌ಕೋವಿಡ್ ದಾಖಲೆಯಲ್ಲಿದೆ. ಸೋಂಕಿತ ಬಸುರಿ, ಬಾಣಂತಿಯರಲ್ಲಿ ರೋಗಲಕ್ಷಣ ಇದ್ದವರು ಮೊದಲ ಅಲೆಯಲ್ಲಿ ಶೇ 14.2, ಡೆಲ್ಟಾ ಹರಡಿದ ಎರಡನೆಯದರಲ್ಲಿ ಶೇ 28.7. ಸಾವಿನ ಪ್ರಮಾಣ ಶೇ 0.7ರಿಂದ ಶೇ 5.7ಕ್ಕೆ ಜಿಗಿಯಿತು.

ಆ ಅಲೆ 2021ರ ಮೇ ತಿಂಗಳಲ್ಲಿ ತುತ್ತತುದಿ ಮುಟ್ಟಿತು. ಬಸುರಿಯರಿಗೆ ಲಸಿಕೆ ಹಾಕಲು ಕೇಂದ್ರ ಸರ್ಕಾರ ಅನುಮತಿಸಿದ್ದು ಜುಲೈ 2ರಂದು. ಲಸಿಕೆಗಳ ಮುಖ್ಯ ಪ್ರಯೋಗಗಳಿಂದಲೇ ಅವರನ್ನು ಹೊರಗಿಟ್ಟಿದ್ದರಿಂದ ಮುಂದಿಡಲು ಮಾಹಿತಿ ಇರಲಿಲ್ಲ. ಕಾಪಾಡುವ ಹೆಸರಿನಲ್ಲಿ ಹೊರಗಿಟ್ಟ ಈ ಎಚ್ಚರಿಕೆ, ನನ್ನ ಮಟ್ಟಿಗೆ, ಎಚ್ಚರಿಕೆಯೇ ಅಲ್ಲ. ಅನುಮತಿ ಮೊದಲೇ ಸಿಕ್ಕಿದ್ದ ಇಂಗ್ಲೆಂಡಿನಲ್ಲೂ ಅಳುಕು ಹೋಗಿರಲಿಲ್ಲ. 2021ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ತುಂಬುವ ಎಕ್ಮೊ ಯಂತ್ರಕ್ಕೆ ಸೇರಿಸಿದ ಕೋವಿಡ್ ರೋಗಿಗಳಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಲಸಿಕೆ ಪಡೆಯದ ಬಸುರಿಯರು.

ಲಸಿಕೆ ಪಡೆದವರ ದೇಹ ಮಾತ್ರ ‘ಶಕ್ತಿ ಕಡಿಮೆ’ ಎಂಬ ಮಾತನ್ನು ಸುಳ್ಳಾಗಿಸಿತು. ಅವರಲ್ಲಿ ಪ್ರತಿಕಾಯಗಳು ಚೆನ್ನಾಗಿಯೇ ಹುಟ್ಟಿ, ಮಾಸನ್ನು ದಾಟಿ ಮಗುವಿಗೂ ಸೇರಿದವು. ಬಸಿರಿನಲ್ಲಿ ಎರಡು ಡೋಸ್ ಎಂಆರ್‌ಎನ್‌ಎ ಲಸಿಕೆ ಹಾಕಿಸಿಕೊಂಡ ತಾಯಂದಿರ ಆರು ತಿಂಗಳೊಳಗಿನ ಕೂಸುಗಳು ಕೋವಿಡ್‌ನಿಂದ ಆಸ್ಪತ್ರೆ ಸೇರುವುದು ಶೇ 61ರಷ್ಟು ತಗ್ಗಿತೆಂದು ಅಮೆರಿಕದ ಸಿಡಿಸಿ 2022ರ ಫೆಬ್ರುವರಿಯಲ್ಲಿ ವರದಿ ಮಾಡಿತು. ಆ ವಯಸ್ಸಿನ ಕೂಸುಗಳಿಗೆ ನೇರವಾಗಿ ಕೊಡುವ ಲಸಿಕೆ ಇರಲಿಲ್ಲ.