ಗುಂಡು ಗುಂಡಗಿರಬೇಕೇ?

ತಾವು ಹೆಸರಿಸಿದ ವಸ್ತು ರೂಪ ಬದಲಿಸಿದ ಮೇಲೂ ಕೆಲವು ಶಬ್ದಗಳು ಹಳೆಯ ರೂಪವನ್ನೇ ಹೊತ್ತು ನಡೆಯುತ್ತವೆ. ‘ಗುಂಡು’ ಅಂಥದೊಂದು. ಗುಂಡುಕಲ್ಲು, ಗುಂಡುಸೂಜಿ, ಮದ್ದುಗುಂಡು: ಎಲ್ಲೆಲ್ಲಿಯೂ ಉರುಟುತನವೇ ಅದರ ತಿರುಳು. ಆದರೆ ಪಿಸ್ತೂಲಿನ ಗುರಿಸ್ಪರ್ಧೆಯಲ್ಲಿ ಬಳಕೆಯಾಗುವ ಒಂದು ಬಗೆಯ ಗುಂಡನ್ನು ಅಂಗೈಯಲ್ಲಿಟ್ಟು ನೋಡಿದರೆ ಉರುಟುತನದ ಸುಳಿವೂ ಅದರಲ್ಲಿ ಕಾಣದು. ಮೊಂಡು ಮೂತಿಯ, ಕತ್ತರಿಸಿಟ್ಟ ಸೀಸದ ತುಂಡಿನಂತೆ ಇರುತ್ತದೆ. ಪದಗಳ ಬೆನ್ನು ಹತ್ತುವುದೇ ವೃತ್ತಿಯಾದ ನನಗೆ ಈ ಆಕಾರಾಂತರದ ಕಾರಣವನ್ನು ತಿಳಿಯಬೇಕೆನ್ನಿಸಿತು. ಆಯುಧಗಳಲ್ಲಿ ನನಗೆ ವಿಶೇಷ ಒಲವಿಲ್ಲ. ಆಕಾರಕ್ಕೂ ಉದ್ದೇಶಕ್ಕೂ ಇರುವ ನಂಟಿನಲ್ಲಿ ಮಾತ್ರ ಉಂಟು.

ಮೊದಲ ಪಾಠ ಮಾನ್ವಿಯ ಜೋಳದ ಹೊಲದಲ್ಲಿಯೇ ಸಿಕ್ಕುತ್ತದೆ. ಸೀತನಿಯ ಕಾಲದಲ್ಲಿ ಮಂಚಿಕೆಯ ಮೇಲೆ ನಿಂತು ಹಕ್ಕಿ ಕಾಯುವವನು ಕವಣೆಗೆ ಸಿಕ್ಕ ಕಲ್ಲನ್ನೆಲ್ಲ ಇಡುವುದಿಲ್ಲ. ಹಳ್ಳದಲ್ಲಿ ಸವೆದು ನುಣುಪಾದ, ನಿಂಬೆಯ ಗಾತ್ರದ ಕಲ್ಲುಗಳನ್ನು ಆಯ್ದು, ಕೈಯಲ್ಲಿ ತೂಗಿ, ರಾಶಿ ಹಾಕಿಕೊಂಡಿರುತ್ತಾನೆ. ಮೂಲೆಮೂಲೆಯಾದ ಕಲ್ಲು ಗಾಳಿಯಲ್ಲಿ ಹೊರಳಿ ದಾರಿ ತಪ್ಪುತ್ತದೆ. ಉರುಟುಗಲ್ಲಿಗೆ ಹಿಂದು ಮುಂದು ಇಲ್ಲ. ಹೇಗೆ ಹೊರಳಿದರೂ ಗಾಳಿಗೆ ಅದೇ ಮುಖ. ಎಸೆತವನ್ನು ಹತೋಟಿಯಲ್ಲಿಡುವ ಬೇರೆ ಸಾಧನವಿಲ್ಲದಿದ್ದಾಗ ಉರುಟುತನವೇ ಭದ್ರವಾದ ಆಯ್ಕೆ.

ನಮ್ಮ ರಾಯಚೂರಿನ ಕೋಟೆಯ ಗೋಡೆಗೂ ಈ ಸಂಗತಿ ಗೊತ್ತಿದೆ. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ವಶದಲ್ಲಿದ್ದ ಈ ಕೋಟೆಯನ್ನು ಮುತ್ತಿದಾಗ, ಕ್ರಿಸ್ತೋವಾವ್ ದ ಫಿಗೆರೇದೋ ಎಂಬ ಪೋರ್ಚುಗೀಸನು ತನ್ನ ಕೆಲವು ಬಂದೂಕುಗಾರರೊಡನೆ ರಾಯನ ನೆರವಿಗೆ ಬಂದನು. ಗೋಡೆಯ ಮೇಲೆ ತಲೆಯೆತ್ತಿದವರನ್ನೆಲ್ಲ ಅವರು ಉರುಳಿಸುತ್ತ ಬಂದರು. ಕೆಳಗೆ ರಾಯನ ಕಡೆಯವರು ನಿರ್ಭಯವಾಗಿ ಗೋಡೆಯ ಕಲ್ಲುಗಳನ್ನು ಕೀಳತೊಡಗಿದರು. ಇದೇನೆಂದು ಬಾಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಒಂದು ಗುಂಡು ತಾಗಿ ಅವನು ಸತ್ತನೆಂದೂ, ಮರುದಿನ ಕೋಟೆ ಶರಣಾಯಿತೆಂದೂ ನ್ಯೂನಿಜನು ಬರೆದಿಟ್ಟಿದ್ದಾನೆ. ಕೋಟೆಯ ಹಣೆಬರಹವನ್ನು ತಿದ್ದಿದ ಆ ಸೀಸ ನಿಜವಾಗಿ ಗುಂಡಗಿದ್ದ ಗುಂಡು.

ಅಂಥ ಗುಂಡು ಹಣೆಗೆ ಸರಿಯಾಗಿ ತಾಗುವುದರಲ್ಲಿ ಅದೃಷ್ಟದ ಪಾಲೂ ಕಡಮೆಯಲ್ಲ. ನುಣುಪು ನಳಿಗೆಯಲ್ಲಿ ಸಡಿಲವಾಗಿ ಕುಳಿತ ಗುಂಡು ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತ ಹೊರಬೀಳುತ್ತದೆ. ಕೊನೆಯ ಬಡಿತ ಯಾವ ಕಡೆಯೋ ಆ ಕಡೆಗೆ ತಿರುಗುತ್ತ ಹಾರಿ, ಆ ತಿರುಗಾಟದಿಂದಲೇ ಓರೆಯಾಗುತ್ತದೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ವಿಚಾರ ಪ್ರಯೋಗಗಳ ಆಧಾರದ ಮೇಲೆ ನಡೆಯತೊಡಗಿತು. ನಳಿಗೆಯೊಳಗೆ ಸುರುಳಿ ತೋಡುಗಳಿದ್ದರೆ ಗುಂಡು ಬುಗುರಿಯಂತೆ ಒಂದೇ ಅಕ್ಷದ ಮೇಲೆ ತಿರುಗುತ್ತದೆ. ಹೀಗೆ ತಿರುಗತೊಡಗಿದ ಗುಂಡಿಗೆ ಮುಖ ಬಂತು, ಬೆನ್ನು ಬಂತು. ಇನ್ನು ಅದು ಉರುಟಾಗಿರಬೇಕಾದ ಕಾರಣವೇ ಉಳಿಯಲಿಲ್ಲ. ಫ್ರಾನ್ಸಿನ ಮಿನಿಯೆ 1849ರಲ್ಲಿ ರೂಪಿಸಿದ ಗುಂಡು ಮುಂದೆ ಮೊನಚು, ಹಿಂದೆ ಟೊಳ್ಳು. ಮದ್ದಿನ ಒತ್ತಡಕ್ಕೆ ಟೊಳ್ಳು ಹಿಗ್ಗಿ ತೋಡುಗಳನ್ನು ಹಿಡಿಯುತ್ತಿತ್ತು.

ಹಾಗಾದರೆ ಮೊನಚೇ ಮೇಲೆಂದು ಯಾರಾದರೂ ಹೇಳಿಯಾರು. ದೂರಕ್ಕೆ ಹೌದು. ಆದರೆ ಪಿಸ್ತೂಲಿನ ಸ್ಪರ್ಧೆ 10, 25 ಮೀಟರುಗಳ ಮಾತು. ಇಲ್ಲಿ ಗಾಳಿಯನ್ನು ಸೀಳುವುದಕ್ಕಿಂತ ಕಾಗದದ ಮೇಲೆ ಸ್ಪಷ್ಟವಾದ ಗುರುತು ಬಿಡುವುದೇ ದೊಡ್ಡದು. ಉರುಟು ಮೂತಿಯ ಗುಂಡು ಕಾಗದವನ್ನು ತಳ್ಳಿ, ಹರಿದು, ನುಸುಳುತ್ತದೆ. ಹರಿದ ಎಳೆಗಳು ಮತ್ತೆ ಮುಚ್ಚಿಕೊಂಡು ತೂತು ಗುಂಡಿಗಿಂತ ಕಿರಿದಾಗಿ ಕಾಣುತ್ತದೆ. ಚಪ್ಪಟೆ ಮೂತಿಯದು ಹಾಗಲ್ಲ. ಹಿಂದೆ ಬಸ್ಸಿನ ಕಂಡಕ್ಟರು ಟಿಕೀಟಿಗೆ ತೂತು ಹಾಕುತ್ತಿದ್ದಂತೆ ದುಂಡನೆಯ ಬಿಲ್ಲೆಯನ್ನು ಕತ್ತರಿಸಿ ಹೋಗುತ್ತದೆ. ಇದನ್ನು ‘ವಾಡ್‌ಕಟರ್’ ಎನ್ನುತ್ತಾರೆ. ಗೆರೆಯನ್ನು ತೂತಿನ ಅಂಚು ಮುಟ್ಟಿದರೆ ಹೆಚ್ಚಿನ ಅಂಕ. ಆದುದರಿಂದ ಅಂಚು ಸ್ಪಷ್ಟವಾಗಿರುವುದು ಆಟಗಾರನ ಹಕ್ಕಿನ ಪ್ರಶ್ನೆ.

25 ಮೀಟರಿನ ಸೆಂಟರ್ ಫೈರ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿಲಿಮೀಟರಿನವರೆಗಿನ ಗುಂಡುಗಳಿಗೆ ಅವಕಾಶವುಂಟು. ಅವು ಸೀಸದಂತಹ ಮೃದು ಲೋಹದವಾಗಿರಬೇಕು, ಹೊರಕವಚ ಕೂಡದು. ಪಾಯಿಂಟ್ 38ರ ಹೆಸರಾದ ವಾಡ್‌ಕಟರ್ 148 ಗ್ರೇನ್, ಎಂದರೆ ಸುಮಾರು 9.6 ಗ್ರಾಂ ತೂಗುತ್ತದೆ. ಹಿಂಭಾಗ ಟೊಳ್ಳು, ವೇಗ ಸಾಧಾರಣ. ಹತ್ತಿರದಲ್ಲಿ ಇದರಷ್ಟು ನಂಬಿಕಸ್ಥ ಗುಂಡು ಅಪರೂಪ. ದೂರ ಹೋದಂತೆ ತೂರಾಡುತ್ತದೆ. ತಾನಾಗಿಯೇ ಗುಂಡು ತುಂಬಿಕೊಳ್ಳುವ ಪಿಸ್ತೂಲುಗಳಲ್ಲಿ ಮೊಂಡು ಮೂತಿ ಸಿಕ್ಕಿಕೊಳ್ಳುವ ಭಯವಿರುವುದರಿಂದ, ಮೂತಿ ಇಳಿಜಾರಾಗಿದ್ದು ಹೆಗಲು ಮಾತ್ರ ಹರಿತವಾದ ‘ಸೆಮಿ ವಾಡ್‌ಕಟರ್’ ಬಂದಿತು. ದಾರಿಯನ್ನು ಮೂತಿ ಮಾಡಿಕೊಡುತ್ತದೆ, ಕಾಗದವನ್ನು ಹೆಗಲು ಕತ್ತರಿಸುತ್ತದೆ. ಮೂತಿಯ ಬಗ್ಗೆ ಇಷ್ಟು ಚರ್ಚೆ ನಡೆದರೂ ಬಲ್ಲವರು ಮೊದಲು ನೋಡುವುದು ಗುಂಡಿನ ಬೆನ್ನನ್ನು. ನಳಿಗೆಯಿಂದ ಕೊನೆಗೆ ಹೊರಬೀಳುವುದು ಅದೇ. ಅಲ್ಲಿ ಚೂರು ನೆಗ್ಗಿದ್ದರೂ ಅನಿಲ ಒಂದು ಕಡೆಗೆ ನುಗ್ಗಿ ಗುಂಡನ್ನು ಓರೆಮಾಡುತ್ತದೆ.

ಗುಂಡಿನ ಆಕಾರ ಎಲ್ಲ ಕಡೆಯೂ ಅಂಕದ ಮಾತಾಗಿಯೇ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಕಲ್ಕತ್ತೆಯ ಬಳಿಯ ದಂದಂ ಕಾರ್ಖಾನೆಯಲ್ಲಿ ಮಾಡಿದ, ಮೈಹೊಕ್ಕೊಡನೆ ಅರಳುವ ಗುಂಡು ಎಷ್ಟು ಕ್ರೂರವೆನಿಸಿತೆಂದರೆ, 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳು ಯುದ್ಧದಲ್ಲಿ ಅಂಥವನ್ನು ಬಳಸಕೂಡದೆಂದು ಘೋಷಿಸಿದುವು. ಕಾಗದವನ್ನು ಮಾತ್ರ ಗಾಯಗೊಳಿಸುವ ಗುಂಡಿನ ಬಗ್ಗೆ ನಾನು ನೆಮ್ಮದಿಯಿಂದ ಬರೆಯಬಲ್ಲೆ.

ನನ್ನ ವಿದ್ಯಾರ್ಥಿನಿಯೊಬ್ಬಳು ದೇವದುರ್ಗ ತಾಲ್ಲೂಕಿನ ಹಳ್ಳಿಯವಳು. ಏರ್ ಪಿಸ್ತೂಲಿನ ಒಂದು ಸ್ಪರ್ಧೆಯಲ್ಲಿ ಒಂದೇ ಅಂಕದಿಂದ ಮುಂದಿನ ಹಂತ ತಪ್ಪಿಸಿಕೊಂಡು ಬಂದಳು. ಈ ಆಟದ ಪೆಲೆಟ್ಟು 4.5 ಮಿಲಿಮೀಟರಿನದು, 10 ಮೀಟರು ದೂರದಲ್ಲಿರುವ ಹತ್ತು ಅಂಕದ ವೃತ್ತ 11.5 ಮಿಲಿಮೀಟರು. ನಿಯಮ ಪೆಲೆಟ್ಟಿಗೆ ಇಂಥದೇ ಆಕಾರವೆಂದು ಕಟ್ಟು ಹಾಕಿಲ್ಲ. ಅಂಗಡಿಯವನೊಬ್ಬ ಮೊನಚಿನದೇ ನೇರ ಹೋಗುತ್ತದೆಂದು ಹೇಳಿ ಮಾರಿದ್ದನಂತೆ. ಕಾಗದ ಹರಿದು ಎಳೆ ಎಳೆಯಾಗಿತ್ತು. ತೀರ್ಪುಗಾರರು ಗೇಜು ತೂರಿಸಿ ನೋಡಿ ಒಂಬತ್ತೇ ಎಂದರು. “ಗೆರಿ ಮುಟ್ಟಿತ್ರಿ ಸರ್, ಆದ್ರ ಕಾಗದ ಹೇಳಲಿಲ್ಲ” ಎಂದಳು. ಅವಳ ದುಃಖವನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳಲು ನನಗೂ ಬಾರದು. ದೊಡ್ಡ ಸ್ಪರ್ಧೆಗಳಲ್ಲಿ ಈಗ ವಿದ್ಯುನ್ಮಾನ ಗುರಿಗಳು ಬಂದು ಕಾಗದದ ತಗಾದೆ ತಪ್ಪಿದೆ. ಸಣ್ಣ ಊರಿನ ಮಕ್ಕಳ ಅಭ್ಯಾಸವಿನ್ನೂ ಬಹುಮಟ್ಟಿಗೆ ಕಾಗದದ ಮೇಲೆಯೇ.

ಈಗ ಅವಳು ಚಪ್ಪಟೆ ಮೂತಿಯ ಪೆಲೆಟ್ಟುಗಳನ್ನೇ ತರಿಸುತ್ತಾಳೆ. ಸೊಂಟ ಸಣ್ಣದಾಗಿ, ಹಿಂದೆ ಲಂಗದಂತೆ ಅಗಲವಾಗಿ ಟೊಳ್ಳಾಗಿರುವ ಅವುಗಳಲ್ಲಿ ಮಿನಿಯೆಯ ಯುಕ್ತಿಯ ನೆನಪುಂಟು. ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು, ಲಂಗ ನೆಗ್ಗಿದುದನ್ನು ಒಂದು ಕಡೆ, ತೂಕ ಹೆಚ್ಚುಕಡಮೆಯಾದುದನ್ನು ಇನ್ನೊಂದು ಕಡೆ ತೆಗೆದಿಡುತ್ತಾಳೆ. ಅಜ್ಜ ಮಂಚಿಕೆಯ ಮೇಲೆ ಕವಣೆಗಲ್ಲು ಆಯುತ್ತಿದ್ದುದು ಹೀಗೆಯೇ ಎಂದಳು. ತಿರಸ್ಕರಿಸಿದುವು ಅಭ್ಯಾಸಕ್ಕೆ, ಉಳಿದುವು ಮುಂದಿನ ಸ್ಪರ್ಧೆಗೆ.