ವಿದೇಶಿ ವಿನಿಮಯ ದರ ಮತ್ತು ಹೊರದೇಶದ ದುಡಿಮೆಯ ಹಣ: ಬೆಳಗಾವಿ, ಖಾನಾಪುರದ ಕುಟುಂಬಗಳಿಗೆ ಮಾಹಿತಿ

ಉದ್ಯೋಗಕ್ಕಾಗಿ ಹೊರದೇಶಗಳಿಗೆ ತೆರಳಿದವರು ಮನೆಗೆ ಕಳುಹಿಸುವ ಹಣವು ಅವರ ವೇತನವನ್ನು ಮಾತ್ರವಲ್ಲದೆ ಆ ದಿನದ ವಿನಿಮಯ ದರವನ್ನೂ ಅವಲಂಬಿಸಿರುತ್ತದೆ. ದುಬೈನಲ್ಲಿ ವೇತನ ಬದಲಾಗದಿದ್ದರೂ ಬೆಳಗಾವಿ ನಗರದ ಅಥವಾ ಖಾನಾಪುರದ ಬ್ಯಾಂಕ್ ಶಾಖೆಯಲ್ಲಿ ಜಮೆಯಾಗುವ ಮೊತ್ತ ಪ್ರತಿ ತಿಂಗಳು ಬೇರೆಯಾಗುವುದು ಇದರಿಂದಲೇ. ಭಾರತೀಯ ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ನೇ ಸಾಲಿನಲ್ಲಿ ದೇಶಕ್ಕೆ ಬಂದ ಇಂತಹ ಹಣದಲ್ಲಿ ಕರ್ನಾಟಕದ ಪಾಲು ಶೇ. 7.7ರಷ್ಟಿತ್ತು.

ಸಂಯುಕ್ತ ಅರಬ್ ಸಂಸ್ಥಾನದ ದಿರ್ಹಮ್ 1997ರಿಂದ ಒಂದು ಅಮೆರಿಕನ್ ಡಾಲರಿಗೆ 3.6725ರಂತೆ ನಿಗದಿಯಾಗಿದೆ. ಸೌದಿ ರಿಯಾಲ್ 1986ರಿಂದ 3.75ರಲ್ಲಿ ನಿಂತಿದೆ. ಆದುದರಿಂದ ಈ ದೇಶಗಳಲ್ಲಿ ದುಡಿಯುವವರು ಗಮನಿಸಬೇಕಾದುದು ಡಾಲರ್ ಮತ್ತು ರೂಪಾಯಿಯ ನಡುವಿನ ದರವನ್ನೇ. ಕುವೈತ್ ದಿನಾರ್ ಮಾತ್ರ 2007ರಿಂದ ಹಲವು ನಾಣ್ಯಗಳ ಸಮೂಹಕ್ಕೆ ಹೊಂದಿಕೊಂಡಿದೆ.

ರೂಪಾಯಿ ಸದಾ ಇಳಿಯುತ್ತಲೇ ಇರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. 2007ನೇ ವರ್ಷ ಇದಕ್ಕೆ ವಿರುದ್ಧವಾಗಿತ್ತು. ಆ ವರ್ಷದ ಆರಂಭದಲ್ಲಿ ಡಾಲರಿಗೆ ಸುಮಾರು 44 ರೂಪಾಯಿ ಇದ್ದುದು ವರ್ಷಾಂತ್ಯದ ಹೊತ್ತಿಗೆ 40ಕ್ಕಿಂತ ಕೆಳಗೆ ಬಂದಿತು. 1,000 ದಿರ್ಹಮ್‌ಗೆ ಸುಮಾರು 12,000 ರೂಪಾಯಿ ಪಡೆಯುತ್ತಿದ್ದ ಕುಟುಂಬಕ್ಕೆ 11,000 ರೂಪಾಯಿಯೂ ದೊರೆಯದಂತಾಯಿತು. ವೀಸಾ ಹಾಗೂ ಪ್ರಯಾಣಕ್ಕಾಗಿ ಮಾಡಿದ ಸಾಲದ ಕಂತು ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಅದೇ ಡಾಲರ್ 2025ರ ಡಿಸೆಂಬರಿನಲ್ಲಿ 90 ರೂಪಾಯಿಯನ್ನು ದಾಟಿದಾಗ 1,000 ದಿರ್ಹಮ್‌ನ ಬೆಲೆ 24,500 ರೂಪಾಯಿಯಷ್ಟಾಯಿತು.

ಆದರೆ ಈ ಹೆಚ್ಚಳವೆಲ್ಲವೂ ಲಾಭವಲ್ಲ. ಕಚ್ಚಾ ತೈಲ, ಖಾದ್ಯ ತೈಲ ಹಾಗೂ ಚಿನ್ನವನ್ನು ದೇಶವು ಡಾಲರ್ ಕೊಟ್ಟು ತರಿಸಿಕೊಳ್ಳುವುದರಿಂದ, ರೂಪಾಯಿ ಇಳಿದಾಗ ಅಡುಗೆ ಎಣ್ಣೆಯಿಂದ ಮದುವೆಯ ಒಡವೆಯವರೆಗೆ ಬೆಲೆ ಏರುವ ಸಂಭವವಿರುತ್ತದೆ. ದಿರ್ಹಮ್‌ನಲ್ಲಿ ದುಡಿಯುವವರಿಲ್ಲದ ನೆರೆಮನೆಯೂ ಅದೇ ಬೆಲೆಯನ್ನು ತೆರಬೇಕಾಗುತ್ತದೆ.

ದರ ಇನ್ನೂ ಏರಲೆಂದು ಹಣ ಕಳುಹಿಸುವುದನ್ನು ಮುಂದೂಡುವ ರೂಢಿ ಹಲವರಲ್ಲಿದೆ. ಇದರ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳಿತು. ಉದಾಹರಣೆಗೆ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಒಂದು ಲಕ್ಷ ರೂಪಾಯಿ ಖಾಸಗಿ ಸಾಲವಿದ್ದರೆ ತಿಂಗಳ ಬಡ್ಡಿ 2,000 ರೂಪಾಯಿ. ಒಂದು ತಿಂಗಳು ಕಾದು ದಿರ್ಹಮ್‌ಗೆ 20 ಪೈಸೆ ಹೆಚ್ಚು ದೊರೆತರೂ 1,500 ದಿರ್ಹಮ್‌ಗೆ ಬರುವ ಲಾಭ 300 ರೂಪಾಯಿ ಮಾತ್ರ. ಆ ಹಣವನ್ನು ಅಸಲಿಗೆ ಕಟ್ಟಿದ್ದರೆ ಸುಮಾರು 700 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ದರವು ಇಳಿದರೆ ಆ 300 ರೂಪಾಯಿಯೂ ಇಲ್ಲ. ಖಾನಾಪುರದಂತಹ ಮಳೆ ಸೀಮೆಯಲ್ಲಿ ಮಳೆಗಾಲಕ್ಕೆ ಮುನ್ನ ಹಂಚು ಬದಲಿಸುವ ಖರ್ಚಾಗಲಿ, ಜೂನ್ ತಿಂಗಳ ಶಾಲಾ ಶುಲ್ಕವಾಗಲಿ ದರಕ್ಕಾಗಿ ಕಾಯುವುದಿಲ್ಲ.

"ಶುಲ್ಕವಿಲ್ಲ" ಎಂಬ ಪ್ರಕಟಣೆಯನ್ನು ನೋಡಿ ವಿನಿಮಯ ಕೇಂದ್ರವನ್ನು ಆಯ್ದುಕೊಳ್ಳುವುದು ಸಾಲದು. ದಿರ್ಹಮ್‌ಗೆ 20 ಪೈಸೆ ಕಡಿಮೆ ದರ ನೀಡಿದರೂ 1,000 ದಿರ್ಹಮ್‌ಗೆ 200 ರೂಪಾಯಿ ಕಡಿತವಾದಂತೆಯೇ. ಕುಟುಂಬದ ಕೈಸೇರುವ ಒಟ್ಟು ರೂಪಾಯಿ ಎಷ್ಟೆಂಬುದನ್ನೇ ಕೇಳಿ ಹೋಲಿಸತಕ್ಕದ್ದು.

ಹೊರದೇಶಕ್ಕೆ ಉದ್ಯೋಗಕ್ಕೆ ತೆರಳಿದವರು ತಮ್ಮ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅಲ್ಲಿನ ಗಳಿಕೆಯನ್ನು ಎನ್‌ಆರ್‌ಇ ಖಾತೆಯಲ್ಲಿಟ್ಟರೆ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇರುವುದಿಲ್ಲ. ಠೇವಣಿಯನ್ನು ಡಾಲರಿನಂತಹ ವಿದೇಶಿ ನಾಣ್ಯದಲ್ಲಿಯೇ ಇಡಬಯಸುವವರಿಗೆ 1ರಿಂದ 5 ವರ್ಷಗಳ ಅವಧಿಯ ಎಫ್‌ಸಿಎನ್‌ಆರ್ ಠೇವಣಿ ಇದೆ. ತಂದೆತಾಯಿ ಅಥವಾ ಪತ್ನಿಗೆ ಸಂಸಾರದ ಖರ್ಚಿಗೆಂದು ಬಂದ ಹಣವು ಅವರ ಆದಾಯವೆಂದು ಪರಿಗಣಿತವಾಗುವುದಿಲ್ಲ.

ಹೆಚ್ಚಿನ ದರದ ಆಸೆ ತೋರಿಸುವ ಹವಾಲಾ ವ್ಯವಹಾರವು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆಯಾಗಿದ್ದು, ಅದರಲ್ಲಿ ಹಣ ಮುಳುಗಿದರೆ ದೂರು ನೀಡಲು ರಸೀದಿಯೂ ಇರುವುದಿಲ್ಲ. ಬ್ಯಾಂಕ್ ಮೂಲಕ ಬಂದ ಹಣ ವಿಳಂಬವಾದಲ್ಲಿ ಮೊದಲು ಸಂಬಂಧಿಸಿದ ಶಾಖೆಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರನ್ನು ಸಲ್ಲಿಸಬಹುದಾಗಿರುತ್ತದೆ.